ಬರ್ನಿಯರ್‌ಗೆ ದೆಹಲಿಯಲ್ಲಿ ಸಿಗದ ವೈನ್

1663ರ ಜುಲೈ 1ರಂದು ಫ್ರಾಂಸ್ವಾ ಬರ್ನಿಯರ್ ದೆಹಲಿಯಿಂದ ಪ್ಯಾರಿಸ್ಸಿನ ಗೆಳೆಯನೊಬ್ಬನಿಗೆ ಬಹಳ ಉದ್ದದ ಪತ್ರ ಬರೆದ. ಅವನು ಔರಂಗಜೇಬನ ದರ್ಬಾರಿನ ವಿದ್ವಾಂಸ ಅಮೀರ ದಾನಿಶ್‌ಮಂದ್ ಖಾನನ ಆಶ್ರಯದಲ್ಲಿದ್ದ ಫ್ರೆಂಚ್ ವೈದ್ಯ. ಮೊಗಲರ ಇತಿಹಾಸ ಓದಿದವರಿಗೆಲ್ಲ ಆ ಹೆಸರು ಪರಿಚಿತ. ಶಾಜಹಾನಾಬಾದ್ ಆಗಿನ್ನೂ ಹೊಸ ಊರು. ಕೋಟೆ, ಬಜಾರು, ಜಾಮಾ ಮಸೀದಿ, ಅಮೀರರ ಹವೇಲಿ, ಸಿಪಾಯಿಗಳ ಹುಲ್ಲಿನ ಗುಡಿಸಲು ಎಲ್ಲವೂ ಪತ್ರದಲ್ಲಿವೆ. ಊಟದ ವಿಷಯ ಬಂದಾಗ ಮಾತ್ರ ಅವನ ದನಿ ಸ್ವಲ್ಪ ಮುನಿಸಿಕೊಂಡಂತೆ ಕೇಳಿಸುತ್ತದೆ. ಬ್ರೆಡ್ ಚೆನ್ನಾಗಿ ಬೆಂದಿರುವುದಿಲ್ಲ, ಬಜಾರಿನಲ್ಲಿ ಬೇಯಿಸಿ ಮಾರುವ ಮಾಂಸವನ್ನು ನಂಬುವಂತಿಲ್ಲ, ಇನ್ನು ವೈನ್ ಅಂತೂ ದೆಹಲಿಯ ಯಾವ ಅಂಗಡಿಯಲ್ಲೂ ಇಲ್ಲ.

ಇಲ್ಲಿನ ದ್ರಾಕ್ಷಿಯಿಂದಲೇ ವೈನ್ ಮಾಡಬಹುದಿತ್ತು, ಆದರೆ ಹಿಂದೂಗಳ ಧರ್ಮವೂ ಮುಸಲ್ಮಾನರ ಧರ್ಮವೂ ಒಪ್ಪುವುದಿಲ್ಲ ಎನ್ನುತ್ತಾನೆ. ಅಹಮದಾಬಾದ್ ಮತ್ತು ಗೋಲ್ಕೊಂಡದಲ್ಲಿ ಡಚ್ಚರ, ಇಂಗ್ಲಿಷರ ಮನೆಗಳಲ್ಲಿ ಕುಡಿದದ್ದು ಪರವಾಗಿರಲಿಲ್ಲವಂತೆ. ದೆಹಲಿಗೆ ಬರುತ್ತಿದ್ದುದು ಎರಡೇ ಬಗೆ. ಒಂದು ಪರ್ಷಿಯಾದ ಶಿರಾಜ್ ವೈನ್. ಅದು ಶಿರಾಜಿನಿಂದ ಬಂದರ್ ಅಬ್ಬಾಸ್‌ಗೆ ನೆಲದ ಮೇಲೆ, ಅಲ್ಲಿಂದ ಸೂರತ್‌ಗೆ ಹಡಗಿನಲ್ಲಿ, ಸೂರತ್‌ನಿಂದ ದೆಹಲಿಗೆ 46 ದಿನಗಳ ದಾರಿ ಸವೆಸಿ ಬರಬೇಕು. ಇನ್ನೊಂದು ಡಚ್ಚರು ಸೂರತ್‌ಗೆ ತರುತ್ತಿದ್ದ ಕ್ಯಾನರಿ ದ್ವೀಪಗಳ ವೈನ್. ಮೂರು ಪ್ಯಾರಿಸ್ ಪಿಂಟ್, ಅಂದರೆ ನಮ್ಮ ಲೆಕ್ಕದಲ್ಲಿ ಮೂರು ಲೀಟರಿಗೆ ಸ್ವಲ್ಪ ಕಡಿಮೆ ಹಿಡಿಯುವ ಹೂಜಿಗೆ ಆರೇಳು ಎಕ್ಯು ಬೆಲೆ. ಒಂದು ಎಕ್ಯುವಿಗೆ ಸುಮಾರು ಎರಡು ರೂಪಾಯಿ ಹಿಡಿದರೆ ಹನ್ನೆರಡರಿಂದ ಹದಿನಾಲ್ಕು ರೂಪಾಯಿ ಆಯಿತು. ಒಂದು ಕುದುರೆ ಇಟ್ಟುಕೊಂಡ ಸವಾರನಿಗೆ ತಿಂಗಳಿಗೆ 25 ರೂಪಾಯಿಗೆ ಕಡಿಮೆ ಇಲ್ಲದ ಸಂಬಳ ಎಂದು ಬರೆದವನೂ ಅವನೇ. ಕುದುರೆಯ ಮೇವೂ ಸೇರಿದ ಅರ್ಧ ತಿಂಗಳ ಸಂಬಳ ಒಂದು ಹೂಜಿಯಲ್ಲಿ ಮುಗಿಯುತ್ತಿತ್ತು. ಬೆಲೆ ಕೇಳಿದ ಮೇಲೆ ಬಾಯಿಗೆ ರುಚಿಯೇ ಹತ್ತುವುದಿಲ್ಲ ಎಂಬರ್ಥದ ತನ್ನೂರಿನ ಮಾತೊಂದನ್ನು ಅವನು ಅಲ್ಲಿ ಸೇರಿಸುತ್ತಾನೆ. ಗುರುಗ್ರಾಮದ ಮಾಲ್‌ಗಳಲ್ಲಿ ವಿದೇಶಿ ವೈನ್ ಬಾಟಲಿಯ ಹಿಂದೆ ಅಂಟಿಸಿದ ಚೀಟಿ ನೋಡಿ ಅದನ್ನು ಮೆಲ್ಲಗೆ ಕಪಾಟಿನಲ್ಲಿ ವಾಪಸ್ ಇಟ್ಟವರಿಗೆ ಇದಕ್ಕೆ ವಿವರಣೆ ಬೇಡ.

ಹಾಗೆಂದು ದ್ರಾಕ್ಷಿಗೆ ಬರವಿರಲಿಲ್ಲ. ಪರ್ಷಿಯಾ, ಬಾಲ್ಖ್, ಬುಖಾರಾ, ಸಮರ್ಕಂದಗಳಿಂದ ಬಾದಾಮಿ, ಪಿಸ್ತಾ, ಒಣದ್ರಾಕ್ಷಿಗಳು ಬರುತ್ತಿದ್ದವು. ಚಳಿಗಾಲದಲ್ಲಿ ಕಪ್ಪು, ಬಿಳಿ ಹಸಿ ದ್ರಾಕ್ಷಿಯನ್ನು ಹತ್ತಿಯಲ್ಲಿ ಸುತ್ತಿ ತಂದು ಮಾರುತ್ತಿದ್ದರು. ಔರಂಗಜೇಬನ ಅಜ್ಜ ಜಹಾಂಗೀರ ತಾನು ಎಷ್ಟು ಬಟ್ಟಲು ಕುಡಿಯುತ್ತಿದ್ದೆ ಎಂಬುದನ್ನು ತನ್ನ ಆತ್ಮಕಥೆಯಲ್ಲಿ ಲೆಕ್ಕ ಸಮೇತ ಬರೆದಿಟ್ಟಿದ್ದಾನೆ. ಮೊಮ್ಮಗನ ಕಾಲಕ್ಕೆ ಮದ್ಯ ಮಾರಿದವರ ಕೈಕಾಲು ಕಡಿಸುವ ಕೊತ್ವಾಲ ಬಂದ ಎಂದು ವೆನಿಸ್ಸಿನ ಮನುಚ್ಚಿ ಹೇಳುತ್ತಾನೆ. ಇಡೀ ಹಿಂದೂಸ್ತಾನದಲ್ಲಿ ಕುಡಿಯದವರು ತಾನು ಮತ್ತು ಮುಖ್ಯ ಕಾಜಿ ಇಬ್ಬರೇ ಎಂದು ಬಾದಶಹ ಹೇಳಿದ್ದನಂತೆ. ಆ ಕಾಜಿಗೆ ದಿನವೂ ಒಂದು ಬಾಟಲಿ ಕಳಿಸುತ್ತಿದ್ದವನು ನಾನೇ ಎಂದು ಮನುಚ್ಚಿ ಪಿಸುಗುಡುತ್ತಾನೆ. ಮನುಚ್ಚಿಯ ಮಾತನ್ನು ಅರ್ಧಕ್ಕಿಂತ ಹೆಚ್ಚು ನಂಬಬಾರದು, ಆದರೂ ನಗಲು ಅಡ್ಡಿಯಿಲ್ಲ.

ಬರ್ನಿಯರ್‌ನ ಮುನಿಸಿಗೆ ಇನ್ನೊಂದು ಕಾರಣವಿರಬೇಕು ಎಂದು ನನಗೆ ಅನ್ನಿಸುವುದು ಅವನ ಹುಟ್ಟೂರು ನೋಡಿದಾಗ. ಅವನು ಹುಟ್ಟಿದ್ದು 1620ರಲ್ಲಿ, ಫ್ರಾನ್ಸಿನ ಪಶ್ಚಿಮದ ಆಂಜೂ ಪ್ರಾಂತ್ಯದ ಜೂಯೆ ಎಂಬ ಹಳ್ಳಿಯಲ್ಲಿ. ತಂದೆ ತಾಯಿ ಆಂಜೇ ನಗರದ ಚರ್ಚಿನವರ ಜಮೀನನ್ನು ಗೇಣಿಗೆ ಮಾಡುತ್ತಿದ್ದ ರೈತರು. ಅವರು ಬೇಗನೆ ತೀರಿಕೊಂಡ ಮೇಲೆ ಹುಡುಗ ಬೆಳೆದದ್ದು ಶಾಂಜೋ ಎಂಬ ಪಕ್ಕದ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಚಿಕ್ಕಪ್ಪನ ಮನೆಯಲ್ಲಿ. ಈ ಹಳ್ಳಿಗಳ ಸೀಮೆಯಲ್ಲಿ ಹರಿಯುವ ಸಣ್ಣ ನದಿ ಲೇಯೋಂ. ಮುಂದೆ ಹೋಗಿ ಅದು ಲ್ವಾರ್ ನದಿ ಸೇರುತ್ತದೆ. ಲೇಯೋಂ ದಂಡೆಯ ಇಳಿಜಾರುಗಳು ಫ್ರಾನ್ಸಿನ ಹೆಸರಾಂತ ಬಿಳಿ ವೈನ್ ಸೀಮೆಗಳಲ್ಲಿ ಒಂದು. ದೆಹಲಿಯಲ್ಲಿ ವೈನ್ ಇಲ್ಲವೆಂದು ಗೊಣಗಿದವನು ದ್ರಾಕ್ಷಿ ತೋಟಗಳ ನಡುವೆ ಬೆಳೆದವನು.

ಅಲ್ಲಿನ ದ್ರಾಕ್ಷಿ ಶೆನಿನ್ ಬ್ಲಾಂಕ್. (ಫ್ರೆಂಚರ ಬಾಯಲ್ಲಿ ಅದು ಬೇರೆ ಥರ ಕೇಳಿಸುತ್ತದೆ, ನಾವು ನಮ್ಮ ಬಾಟಲಿಗಳ ಉಚ್ಚಾರಣೆಯನ್ನೇ ಇಟ್ಟುಕೊಳ್ಳೋಣ.) ಇದು ನಿಧಾನವಾಗಿ ಹಣ್ಣಾಗುವ, ಎಷ್ಟು ಹಣ್ಣಾದರೂ ಹುಳಿ ಬಿಡದ ಜಾತಿ. ಆ ಹುಳಿಯೇ ಅದರ ಬಂಡವಾಳ. ಬೇಗ ಕಿತ್ತರೆ ನೊರೆಯುಕ್ಕುವ ವೈನ್ ಮಾಡಬಹುದು, ಸರಿಯಾಗಿ ಹಣ್ಣಾದಾಗ ಕಿತ್ತರೆ ಸಿಹಿಯಿಲ್ಲದ ಖಡಕ್ ಬಿಳಿ ವೈನ್, ಅಕ್ಟೋಬರ್ ನವೆಂಬರ್‌ವರೆಗೆ ಬಳ್ಳಿಯಲ್ಲೇ ಬಿಟ್ಟರೆ ಜೇನಿನಂಥ ಸಿಹಿ ವೈನ್. ಒಂದೇ ಹಣ್ಣಿನಿಂದ ಇಷ್ಟು ಬಗೆ ತೆಗೆಯುವ ಸೀಮೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಸಿಹಿಗೆ ಕಾರಣ ಒಂದು ಬೂಷ್ಟು. ಶರತ್ಕಾಲದ ಬೆಳಗಿನಲ್ಲಿ ಲೇಯೋಂ ಕಣಿವೆಯಲ್ಲಿ ಮಂಜು ಕವಿಯುತ್ತದೆ, ಮಧ್ಯಾಹ್ನ ಬಿಸಿಲು ಬಿದ್ದು ಒಣಗುತ್ತದೆ. ಈ ತೇವ, ಈ ಒಣಗುವಿಕೆ ಎರಡೂ ಹದವಾಗಿ ಸಿಕ್ಕಾಗ ಬೋಟ್ರೈಟಿಸ್ ಎಂಬ ಶಿಲೀಂಧ್ರ ಹಣ್ಣಿನ ಸಿಪ್ಪೆಯನ್ನು ತೂತು ಮಾಡುತ್ತದೆ. ಒಳಗಿನ ನೀರು ಆರಿ ಸಕ್ಕರೆ, ಹುಳಿ, ಪರಿಮಳ ಮೂರೂ ಗಟ್ಟಿಯಾಗುತ್ತವೆ. ನೋಡಲು ಕೊಳೆತ ಹಣ್ಣು, ಆದರೆ ಫ್ರೆಂಚರು ಇದನ್ನು ಕುಲೀನ ಕೊಳೆತ ಎಂದು ಕರೆಯುತ್ತಾರೆ. ಗೊಂಚಲಿನ ಎಲ್ಲ ಹಣ್ಣಿಗೂ ಅದು ಒಂದೇ ದಿನ ಹತ್ತುವುದಿಲ್ಲ. ಹಾಗಾಗಿ ಕೊಯ್ಲಿನವರು ಅದೇ ಸಾಲಿಗೆ ವಾರಗಟ್ಟಲೆ ಮತ್ತೆ ಮತ್ತೆ ಬಂದು ಆರಿಸಿ ಕೀಳಬೇಕು. ಮಂಜಿನ ಬದಲು ಮಳೆ ಬಂದರೆ ಕೊಳೆತದ ಕುಲೀನತೆ ಹೋಗಿ ಬರೀ ಕೊಳೆತ ಉಳಿಯುತ್ತದೆ, ಆ ವರ್ಷದ ಬೆಳೆ ಹೋದಂತೆಯೇ.

ನೆಲವೂ ಎರಡು ಬಣ್ಣದ್ದು. ಪಶ್ಚಿಮಕ್ಕೆ ಆಂಜೇ ನಗರದ ಸುತ್ತ ಸ್ಲೇಟು ಮತ್ತು ಶಿಸ್ಟ್ ಕಲ್ಲಿನ ಕಪ್ಪು ಆಂಜೂ, ಮನೆಗಳ ಮಾಡೂ ಸ್ಲೇಟಿನದೇ. ಪೂರ್ವಕ್ಕೆ ಸೋಮ್ಯೂರ್ ಕಡೆ ಮೆತ್ತನೆಯ ಸುಣ್ಣಕಲ್ಲಿನ ಬಿಳಿ ಆಂಜೂ. ಆ ಕಲ್ಲು ಕಡಿದು ಅರಮನೆ ಕಟ್ಟಿದರು, ಕಡಿದ ಗುಹೆಗಳಲ್ಲಿ ವೈನ್ ಇಟ್ಟರು. ಲ್ವಾರ್ ನದಿಯ ಉತ್ತರ ದಂಡೆಯ ಸವೆನಿಯೇರ್‌ನಲ್ಲಿ ಸಿಹಿಯಿಲ್ಲದ ವೈನ್ ಆಗುತ್ತದೆ. ಅಲ್ಲಿನ ಕೂಲೆ ದ ಸೆರಾಂ ಎಂಬ ಕಡಿದಾದ ತೋಟವನ್ನು ಹನ್ನೆರಡನೇ ಶತಮಾನದಲ್ಲಿ ಸಿಸ್ಟರ್ಶಿಯನ್ ಸನ್ಯಾಸಿಗಳು ನೆಟ್ಟರು. ದಕ್ಷಿಣಕ್ಕೆ ಲೇಯೋಂ ಇಳಿಜಾರಿನ ಸಿಹಿ ವೈನ್‌ಗಳು, ಅವುಗಳಲ್ಲಿ ಬೊನ್ಜೋ ಮತ್ತು ಕಾರ್ ದ ಶೋಮ್ ಎಂಬ ಎರಡು ಸಣ್ಣ ತುಂಡು ನೆಲಗಳಿಗೆ ಹೆಚ್ಚಿನ ಮರ್ಯಾದೆ.

ಕಾರ್ ದ ಶೋಮ್ ಎಂದರೆ ಶೋಮ್‌ನ ಕಾಲುಭಾಗಗಳು. ಕವಿತೆಯಂತೆ ಕೇಳಿಸುವ ಈ ಹೆಸರು ನಿಜಕ್ಕೂ ಒಂದು ಗೇಣಿ ಕರಾರು. ಮಧ್ಯಯುಗದಲ್ಲಿ ಈ ಇಳಿಜಾರಿನ ಬೆಳೆಯ ನಾಲ್ಕನೇ ಒಂದು ಪಾಲು ಒಡೆಯನಿಗೆ ಸಲ್ಲಬೇಕಿತ್ತು. ಒಡೆಯ ಯಾವ ಕಾಲುಭಾಗ ಕೇಳುತ್ತಾನೆ? ಬಿಸಿಲು ಚೆನ್ನಾಗಿ ಬೀಳುವ, ಹಣ್ಣು ಚೆನ್ನಾಗಿ ಆಗುವ ಭಾಗವನ್ನೇ. ಮಂಡ್ಯದಲ್ಲೋ ದಕ್ಷಿಣ ಕನ್ನಡದಲ್ಲೋ ಗೇಣಿಭತ್ತ ಅಳೆದುಕೊಟ್ಟ ತಲೆಮಾರಿನವರಿಗೆ ಇದು ಹೊಸ ಕಥೆಯಲ್ಲ. ಇಂದು ಆ ಬಾಟಲಿ ಕೊಳ್ಳುವವರು ಒಡೆಯನ ಪಾಲನ್ನೇ ಕೊಳ್ಳುತ್ತಿದ್ದಾರೆ.

ಕಣಿವೆಯ ವೈನ್ ಹೇಗಿರಬೇಕೆಂದು ನಿರ್ಧರಿಸಿದ್ದು ಮಣ್ಣು, ಮಂಜು, ಒಡೆಯ ಮಾತ್ರವಲ್ಲ, ನದಿಯ ಮೇಲಿನ ಒಂದು ಸುಂಕದ ಕಟ್ಟೆಯೂ ಹೌದು. ಆಂಜೂ ಮುಗಿದು ಬ್ರಿಟನಿ ಪ್ರಾಂತ್ಯ ಶುರುವಾಗುವ ಗಡಿಯಲ್ಲಿ ಆಂಗ್ರಾಂಡ್ ಎಂಬ ಊರಿದೆ. ಎರಡೂ ಪ್ರಾಂತ್ಯಗಳಿಗೆ ದೊರೆ ಒಬ್ಬನೇ, ಸುಂಕದ ಲೆಕ್ಕಕ್ಕೆ ಮಾತ್ರ ಬ್ರಿಟನಿ ಪರದೇಶ. ನಾಂತ್ ಬಂದರಿಗೆ ಹೋಗುವ ಪ್ರತಿ ಪೀಪಾಯಿಯೂ ಆಂಗ್ರಾಂಡ್‌ನಲ್ಲಿ ಸುಂಕ ಕಟ್ಟಿಯೇ ದಾಟಬೇಕು. ನಾಂತ್‌ನಲ್ಲಿ ಕಾಯುತ್ತಿದ್ದವರು ಡಚ್ ವರ್ತಕರು. ಹದಿನಾರು, ಹದಿನೇಳನೇ ಶತಮಾನದಲ್ಲಿ ಅವರಿಗೆ ಬಿಳಿ ವೈನ್ ಬೇಕಿತ್ತು, ಅದರಲ್ಲೂ ಸಿಹಿಯಾದದ್ದು. ಸುಂಕ ಕಟ್ಟಿಯೂ ಲಾಭ ಉಳಿಯಬೇಕಾದರೆ ಒಳ್ಳೆಯ ವೈನನ್ನೇ ಕಳಿಸಬೇಕು. ಹೀಗೆ ಆಂಜೂವಿನಲ್ಲಿ ಎರಡು ಮಾತು ಹುಟ್ಟಿಕೊಂಡವು: ಸಮುದ್ರದ ವೈನ್, ಪ್ಯಾರಿಸ್ಸಿನ ವೈನ್. ತಡವಾಗಿ ಆರಿಸಿ ಕಿತ್ತ ಉತ್ತಮ ಸರಕು ಡಚ್ಚರ ಹಡಗಿಗೆ, ಉಳಿದದ್ದು ನದಿಯ ಮೇಲ್ಮುಖವಾಗಿ ರಾಜಧಾನಿಗೆ. ಲೇಯೋಂ ರೈತರು ಕೊಳೆಯುವವರೆಗೆ ಕಾಯುವ ಅಪಾಯವನ್ನು ಮೈಮೇಲೆ ಹಾಕಿಕೊಂಡದ್ದರ ಹಿಂದೆ ರುಚಿಯಷ್ಟೇ ಈ ಲೆಕ್ಕವೂ ಇದೆ.

ಇಲ್ಲಿ ಬರ್ನಿಯರ್ ಮತ್ತೆ ಬರುತ್ತಾನೆ. 1669ರಲ್ಲಿ ಊರಿಗೆ ಮರಳಿದ ಮೇಲೆ ಅವನು ಪ್ರಕಟಿಸಿದ ಪುಸ್ತಕದಲ್ಲಿ ಫ್ರಾನ್ಸಿನ ಅರ್ಥಮಂತ್ರಿ ಕೋಲ್ಬೇರ್‌ಗೆ ಬರೆದ ಒಂದು ಪತ್ರವಿದೆ. ವೈನ್ ಕುರಿತ ಗೊಣಗಾಟ ಮರೆತುಹೋಯಿತು, ಆದರೆ ಈ ಪತ್ರ ನಮ್ಮ ಮೇಲೆ ಮುನ್ನೂರು ವರ್ಷ ಸವಾರಿ ಮಾಡಿತು. ಮೊಗಲರ ರಾಜ್ಯದಲ್ಲಿ ಭೂಮಿಯೆಲ್ಲ ಬಾದಶಹನದು, ನನ್ನದು ನಿನ್ನದು ಎಂಬುದೇ ಇಲ್ಲ, ಜಾಗೀರು ಪಡೆದವನು ಇಂದು ಇಲ್ಲಿ ನಾಳೆ ಇನ್ನೆಲ್ಲೋ, ಆದ್ದರಿಂದ ರೈತನನ್ನು ಹಿಂಡುತ್ತಾನೆ, ರೈತ ಓಡಿಹೋಗುತ್ತಾನೆ, ನೆಲ ಪಾಳು ಬೀಳುತ್ತದೆ ಎಂಬುದು ಅದರ ವಾದ. ಮುಂದೆ ಮಾಂಟೆಸ್ಕ್ಯೂ ಇದನ್ನು ಬಳಸಿಕೊಂಡ. 1853ರ ಜೂನ್ 2ರಂದು ಮಾರ್ಕ್ಸ್ ಎಂಗೆಲ್ಸ್‌ಗೆ ಬರೆದ ಪತ್ರದಲ್ಲಿ ಬರ್ನಿಯರ್‌ನನ್ನು ಮೆಚ್ಚಿ, ಏಷ್ಯಾವನ್ನು ಅರ್ಥ ಮಾಡಿಕೊಳ್ಳುವ ಕೀಲಿ ಇದೇ ಎಂದ. ಪೂರ್ವದವರಿಗೆ ಆಸ್ತಿಯೇ ಗೊತ್ತಿಲ್ಲ ಎಂಬ ಮಾತು ಗಟ್ಟಿಯಾದದ್ದು ಹೀಗೆ.

ಇರ್ಫಾನ್ ಹಬೀಬ್ 1963ರಲ್ಲಿ ಮೊಗಲರ ಕಾಲದ ಕೃಷಿ ವ್ಯವಸ್ಥೆಯ ಪುಸ್ತಕ ಬರೆದಾಗ ಈ ಚಿತ್ರ ಹರಿಯಿತು. ರೈತನಿಗೆ ವಂಶಪಾರಂಪರ್ಯದ ಹಕ್ಕಿತ್ತು, ಜಮೀನ್ದಾರಿ ಹಕ್ಕು ಮಾರಾಟವಾಗುತ್ತಿತ್ತು, ಯುರೋಪಿನ ಪ್ರವಾಸಿಗಳು ಕಂದಾಯವನ್ನೇ ಒಡೆತನ ಎಂದು ಓದಿದ್ದರು. ನಮಗಾದರೆ ಹಬೀಬರವರೆಗೂ ಹೋಗಬೇಕಿಲ್ಲ. ಕನ್ನಡ ನಾಡಿನ ಹಲವು ದಾನಶಾಸನಗಳಲ್ಲಿ ಭೂಮಿಯನ್ನು ಕ್ರಯಕ್ಕೆ ಕೊಂಡು, ನಾಲ್ಕೂ ದಿಕ್ಕಿನ ಎಲ್ಲೆ ಹೇಳಿ ಬಿಟ್ಟ ಉದಾಹರಣೆ ಸಿಗುತ್ತದೆ.

ನನ್ನನ್ನು ಕಾಡುವುದು ಬೇರೆ. ಈ ವಾದ ಮಾಡಿದವನು ಗೇಣಿದಾರರ ಮಗ. ಅವನ ಊರಿನ ಹತ್ತಿರದ ತೋಟದ ಹೆಸರೇ ಒಡೆಯನ ಕಾಲುಪಾಲು. ಅವನು ಪತ್ರ ಬರೆದ ಕೋಲ್ಬೇರ್ 1664ರ ಸುಂಕದ ಸುಧಾರಣೆಯಲ್ಲಿ ಆಂಜೂವನ್ನು ಬೇಲಿಯ ಒಳಗೂ ಬ್ರಿಟನಿಯನ್ನು ಹೊರಗೂ ಇಟ್ಟ, ಆಂಗ್ರಾಂಡ್‌ನ ಕಟ್ಟೆ ಹಾಗೇ ಉಳಿಯಿತು. ಅಲ್ಲಿ ವೈನಿನ ಜೊತೆ ಉಪ್ಪಿಗೂ ಕಾವಲಿತ್ತು. ಗಡಿಯ ಒಂದು ಬದಿಯಲ್ಲಿ ಭಾರೀ ಉಪ್ಪಿನ ತೆರಿಗೆ, ಇನ್ನೊಂದರಲ್ಲಿ ಇಲ್ಲ, ನಡುವೆ ರಾತ್ರಿ ಉಪ್ಪು ಸಾಗಿಸುವ ಕಳ್ಳಸಾಗಣೆದಾರರು. ನನ್ನದು ನಿನ್ನದು ಅಷ್ಟೇನೂ ಸರಳವಾಗಿರದ ಊರಿನಿಂದ ಬಂದವನು ದೆಹಲಿಯಲ್ಲಿ ಅದನ್ನು ಸರಳ ಮಾಡಿದ. ಅವನು ಮೊಗಲರ ನೆಪದಲ್ಲಿ ತನ್ನ ರಾಜನಿಗೇ ಎಚ್ಚರಿಕೆ ಕೊಡುತ್ತಿದ್ದ ಎಂದು ಓದುವ ವಿದ್ವಾಂಸರಿದ್ದಾರೆ. ಆ ಓದಿನ ಕಡೆಗೇ ನನ್ನ ಒಲವು. ಆದರೂ ಅವನ ಎಚ್ಚರಿಕೆಯ ಬೆಲೆ ತೆತ್ತವರು ನಾವು.

ಅವನ ಕಣಿವೆಯ ಮುಂದಿನ ಕಥೆ ಸುಖದ್ದಲ್ಲ. ಕ್ರಾಂತಿಯ ಕಾಲದಲ್ಲಿ ಒಳನಾಡಿನ ಸುಂಕದ ಕಟ್ಟೆಗಳು ರದ್ದಾದವು, ಆದರೆ ಅದರ ಬೆನ್ನಿಗೇ ವಾಂದೇ ದಂಗೆ ಬಂತು. ಚಿಕ್ಕಪ್ಪ ಪಾದ್ರಿಯಾಗಿದ್ದ ಶಾಂಜೋದಲ್ಲಿ ಗ್ರಾಮಸ್ಥರು ಚರ್ಚಿನ ಗೋಪುರ ಹತ್ತಿ ಹೋರಾಡಿದರು, ಸೈನಿಕರು ಗೋಪುರಕ್ಕೆ ಬೆಂಕಿ ಇಟ್ಟರು. ತೋಟಗಳೂ ಸುಟ್ಟವು. ಚೇತರಿಸಿಕೊಳ್ಳುವ ಹೊತ್ತಿಗೆ, 1880ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೋಕ್ಸೆರಾ ಎಂಬ ಬೇರುಹೇನು ಬಳ್ಳಿಗಳನ್ನು ಒಣಗಿಸಿತು. ಮದ್ದೂ ಅಮೆರಿಕದ್ದೇ: ಅಲ್ಲಿನ ಕಾಡುದ್ರಾಕ್ಷಿಯ ಬೇರಿಗೆ ಫ್ರೆಂಚ್ ಬಳ್ಳಿ ಕಸಿ ಕಟ್ಟುವುದು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಬರ ಮತ್ತು ಉಪ್ಪುನೀರು ತಡೆಯಲು ಬಳಸುವ ಡಾಗ್ರಿಜ್ ಬೇರು ಕೂಡ ಅಮೆರಿಕದ ದ್ರಾಕ್ಷಿಯದೇ.

1935ರಲ್ಲಿ ಫ್ರಾನ್ಸ್ ಸೀಮೆಯ ಹೆಸರಿಗೆ ಕಾನೂನು ತಂದಿತು. ಯಾವ ನೆಲ, ಯಾವ ಜಾತಿ, ಎಕರೆಗೆ ಎಷ್ಟು ಇಳುವರಿ ಎಂಬುದೆಲ್ಲ ನಿಗದಿಯಾಯಿತು. ಲೇಯೋಂ ಇಳಿಜಾರಿಗೆ 1950ರಲ್ಲಿ, ಸವೆನಿಯೇರ್‌ಗೆ 1952ರಲ್ಲಿ, ಕಾರ್ ದ ಶೋಮ್‌ಗೆ 1954ರಲ್ಲಿ ಈ ಮನ್ನಣೆ ಸಿಕ್ಕಿತು. ಆ ಹೆಸರನ್ನು ಯಾರೂ ಮಾರುವಂತಿಲ್ಲ, ಅಲ್ಲಿ ನಿಯಮ ಪಾಲಿಸಿ ಬೆಳೆಯುವ ಯಾರೂ ಹಾಕಿಕೊಳ್ಳಬಹುದು. ನನ್ನದೂ ಅಲ್ಲದ ನಿನ್ನದೂ ಅಲ್ಲದ ಈ ಆಸ್ತಿಯನ್ನು ಕಂಡಿದ್ದರೆ ಬರ್ನಿಯರ್ ಏನನ್ನುತ್ತಿದ್ದನೋ. ವೈನಿಗೆ ಊರಿನ ಹೆಸರಿಡುವುದು ನಮಗೇನೂ ಅಪರಿಚಿತ ಪದ್ಧತಿಯಲ್ಲ. ದ್ರಾಕ್ಷಿರಸದ ಮದ್ಯಕ್ಕೆ ಮಧು ಎಂದು ಹೆಸರು, ಅದು ಬರುವ ದೇಶದಿಂದ ಕಾಪಿಶಾಯನ, ಹಾರಹೂರಕ ಎನ್ನಿಸಿಕೊಳ್ಳುತ್ತದೆ ಎಂದು ಅರ್ಥಶಾಸ್ತ್ರ ಹೇಳುತ್ತದೆ. ಕಾಬೂಲಿನ ಉತ್ತರದ ಕಾಪಿಶಿಯ ವೈನಿಗೆ ರೂಪ ಸಿದ್ಧಿಸುವ ಸೂತ್ರ ಪಾಣಿನಿಯಲ್ಲೇ ಇದೆ. ಅರ್ಥಶಾಸ್ತ್ರದಲ್ಲಿ ಈ ಮಾತು ಬರುವುದು ಸುರಾಧ್ಯಕ್ಷನ, ಅಂದರೆ ಅಬಕಾರಿ ಅಧಿಕಾರಿಯ ಅಧ್ಯಾಯದಲ್ಲಿ. ಊರಿನ ಹೆಸರೂ ಸುಂಕದವನೂ ಒಟ್ಟಿಗೇ ಬರುವುದು ಹಳೆಯ ಅಭ್ಯಾಸ.

ಇನ್ನು ಶೆನಿನ್ ನಮ್ಮ ಕಡೆಗೆ ಬಂದ ದಾರಿ. ಡಚ್ಚರು ಆಂಜೂವಿನ ವೈನ್ ಕೊಳ್ಳುತ್ತಿದ್ದ ಕಾಲದಲ್ಲೇ ಅವರ ಈಸ್ಟ್ ಇಂಡಿಯಾ ಕಂಪನಿ ಆಫ್ರಿಕದ ತುದಿಯ ಕೇಪ್‌ನಲ್ಲಿ 1655ರಲ್ಲಿ ದ್ರಾಕ್ಷಿ ನೆಟ್ಟಿತು. ಅಲ್ಲಿ ಮೊದಲ ವೈನ್ ಹಿಂಡಿದ್ದು 1659ರ ಫೆಬ್ರವರಿ 2ರಂದು. ಅದೇ ಮಾರ್ಚ್‌ನಲ್ಲಿ ಬರ್ನಿಯರ್ ಅಹಮದಾಬಾದ್ ಬಳಿ ಸೋತು ಓಡುತ್ತಿದ್ದ ದಾರಾ ಶುಕೋಹನಿಗೆ ಎದುರಾಗಿ ಕೆಲವು ದಿನ ಅವನ ವೈದ್ಯನಾಗಿದ್ದ. ಕೇಪ್‌ನಲ್ಲಿ ಶೆನಿನ್ ಸ್ಟೇನ್ ಎಂಬ ಹೆಸರಿನಲ್ಲಿ ಬೇರೂರಿತು, ಎರಡೂ ಒಂದೇ ಎಂದು ಸ್ಟೆಲೆನ್‌ಬಾಷ್‌ನ ಪ್ರಾಧ್ಯಾಪಕರೊಬ್ಬರು ತೋರಿಸಿದ್ದು 1960ರ ದಶಕದಲ್ಲಿ. ಕ್ಯಾಲಿಫೋರ್ನಿಯಾದಲ್ಲೂ ಅದು ಹರಡಿತು. 1997ರಲ್ಲಿ ನಾಸಿಕ್‌ನಲ್ಲಿ ರಾಜೀವ್ ಸಾಮಂತ್ ಕ್ಯಾಲಿಫೋರ್ನಿಯಾದ ತಜ್ಞರೊಬ್ಬರ ಸಲಹೆಯಂತೆ ಶೆನಿನ್ ಮತ್ತು ಸೋವಿನ್ಯೋನ್ ನೆಟ್ಟರು, 2000ದಲ್ಲಿ ಸುಲಾದ ಮೊದಲ ಬಾಟಲಿಗಳು ಬಂದವು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 1988ರಲ್ಲಿ, ಕನ್ವಲ್ ಗ್ರೋವರ್ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ ನಂದಿಬೆಟ್ಟದ ಬುಡದಲ್ಲಿ ಫ್ರೆಂಚ್ ಜಾತಿಗಳ ವೈನ್ ತೋಟ ಕಟ್ಟಿದ್ದರು.

ದೆಹಲಿಯ ಸುತ್ತ ಇದು ಆಗಲಿಲ್ಲ. ಪೂಸಾದ ಕೃಷಿ ಸಂಶೋಧನಾ ಸಂಸ್ಥೆ ಪೂಸಾ ನವರಂಗ್‌ನಂಥ ತಳಿಗಳನ್ನೇನೋ ಕೊಟ್ಟಿತು. ಆದರೆ ಉತ್ತರದ ಬಯಲಿನಲ್ಲಿ ದ್ರಾಕ್ಷಿ ಹಣ್ಣಾಗುವುದು ಜೂನ್‌ನಲ್ಲಿ, ಮಳೆಯೂ ಆಗಲೇ ಬರುತ್ತದೆ, ಹಣ್ಣು ಬಿರಿಯುತ್ತದೆ. ನಾಸಿಕ್, ವಿಜಯಪುರ, ನಂದಿಗಳಲ್ಲಿ ಬಳ್ಳಿ ನಿದ್ದೆಯನ್ನೇ ಮಾಡುವುದಿಲ್ಲ. ಬೇಸಿಗೆಯಲ್ಲೊಮ್ಮೆ, ಮಳೆ ಮುಗಿಯುವಾಗ ಇನ್ನೊಮ್ಮೆ ಹೀಗೆ ವರ್ಷಕ್ಕೆ ಎರಡು ಚಾಟ್ನಿ ಮಾಡಿ (ಉತ್ತರ ಕರ್ನಾಟಕದಲ್ಲಿ ಸವರುವುದಕ್ಕೆ ಹಾಗೆನ್ನುತ್ತಾರೆ, ದೋಸೆಯದಲ್ಲ), ಒಣಹವೆಯ ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಯುತ್ತಾರೆ. ಮಂಜು, ಬೂಷ್ಟಿನ ಲೇಯೋಂ ಆಟ ಇಲ್ಲಿ ನಡೆಯದು. ನಮ್ಮ ಶೆನಿನ್ ಬೇಗ ಕಿತ್ತ, ಸೇಬಿನ ಪರಿಮಳದ, ತುಸು ಸಿಹಿ ಉಳಿಸಿದ ಹಗುರ ವೈನ್. ಅದೇ ದ್ರಾಕ್ಷಿ, ಆದರೆ ಸವೆನಿಯೇರ್ ಕುಡಿದವರು ನಂಟಸ್ತಿಕೆ ಹಿಡಿಯಲು ಸ್ವಲ್ಪ ಹೊತ್ತು ಬೇಕು.

ಆಂಜೂವಿನ ಬಾಟಲಿಯ ಮೇಲೆ ಊರಿನ ಹೆಸರಿರುತ್ತದೆ, ಹಣ್ಣಿನ ಹೆಸರನ್ನು ಹುಡುಕಬೇಕು. ನಮ್ಮದರಲ್ಲಿ ಹಣ್ಣಿನ ಹೆಸರು ದೊಡ್ಡದು, ಊರು ಹಿಂಬದಿಯಲ್ಲಿ. ದೆಹಲಿಯಲ್ಲಿ ಆಂಜೂ ಹುಡುಕುವವರು ಅಂಗಡಿಯವರನ್ನು ಶೆನಿನ್ ಎಂದು ಕೇಳಿದರೆ ನಾಸಿಕ್‌ನದ್ದೇ ಕೈಗೆ ಬರುತ್ತದೆ. ವೈನ್ ಶಾಪ್ ಎಂದು ಬೋರ್ಡು ಹಾಕಿಕೊಂಡು ವೈನೊಂದನ್ನು ಬಿಟ್ಟು ಉಳಿದೆಲ್ಲ ಮಾರುವ ನಮ್ಮ ಅಂಗಡಿಗಳನ್ನು ನೆನೆದರೆ ಅದೇ ದೊಡ್ಡದು. ಲೇಯೋಂನ ಸಣ್ಣ ರೈತನ ಬಾಟಲಿ ಇಲ್ಲಿಗೆ ಬರಲು ಎರಡು ಕಟ್ಟೆ ದಾಟಬೇಕಿತ್ತು. ಬಂದರಿನಲ್ಲಿ ಬಹುಕಾಲ ಇದ್ದದ್ದು 150% ಆಮದು ಸುಂಕ. ಅದನ್ನು ದಾಟಿದರೆ ಪ್ರತಿ ರಾಜ್ಯದ ಅಬಕಾರಿ ಇಲಾಖೆಯಲ್ಲಿ ಪ್ರತಿ ಲೇಬಲ್ಲಿಗೂ ಬೇರೆ ನೋಂದಣಿ, ಬೇರೆ ಶುಲ್ಕ. ವರ್ಷಕ್ಕೆ ನೂರಿನ್ನೂರು ಬಾಟಲಿ ಹೋಗುವ ಹೆಸರಿಗೆ ಯಾರು ಕಟ್ಟುತ್ತಾರೆ? ದೊಡ್ಡ ಕಂಪನಿಗಳ ಹೆಸರುಗಳಷ್ಟೇ ದಾಟುತ್ತವೆ. ದೆಹಲಿಯಲ್ಲಿ ಕುಡಿಯುವ ವಯಸ್ಸು 25, ಗಡಿಯಾಚೆ ಗುರುಗ್ರಾಮದಲ್ಲಿ 21. ಕಪಾಟಿನಲ್ಲಿ ಏನಿದೆ ಎಂಬುದೂ ಆ ಗಡಿಯಲ್ಲಿ ಬದಲಾಗುತ್ತದೆ. ಆಂಗ್ರಾಂಡ್‌ನ ದೋಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಾಟಲಿ ಸಿಕ್ಕವರಿಗೆ ಎರಡು ಮಾತು. ಸವೆನಿಯೇರ್ ಸಿಕ್ಕರೆ ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿಯಬೇಡಿ, ತೀರಾ ತಣ್ಣಗಿದ್ದರೆ ಅದು ಬಾಯಿ ಬಿಡುವುದಿಲ್ಲ. ಮಂಗಳೂರಿನ ಬಂಗುಡೆ ಫ್ರೈ ಪಕ್ಕದಲ್ಲಿದ್ದರೆ ಆ ಹುಳಿಗೆ ಕೆಲಸ ಸಿಗುತ್ತದೆ. ಲೇಯೋಂನ ಸಿಹಿ ವೈನನ್ನು ಮಿಠಾಯಿ ಜೊತೆ ಕೊಡಬೇಡಿ, ಉಪ್ಪಿನ ಚೀಸಿನ ಜೊತೆ ಒಂದು ಸಣ್ಣ ಲೋಟ ಸಾಕು. ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ವಾರ ಕಳೆದರೂ ಕೆಡುವುದಿಲ್ಲ. ಏನೂ ಸಿಗದಿದ್ದರೆ ಬರ್ನಿಯರ್‌ನ ಸಲಹೆಯೇ ಇದೆ. ಈ ಸೆಖೆಯ ನಾಡಿನಲ್ಲಿ ಬುದ್ಧಿವಂತರು ಶುದ್ಧ ನೀರನ್ನೋ ನಿಂಬೆ ಶರಬತ್ತನ್ನೋ ಕುಡಿಯುತ್ತಾರೆ, ಅದಕ್ಕೆ ಖರ್ಚೂ ಕಡಿಮೆ ಎಂದು ಅದೇ ಪತ್ರದಲ್ಲಿ ಅವನು ಗೆಳೆಯನಿಗೆ ಬರೆದಿದ್ದ.